ಹದಿನೇಳರ ಗುರುತು

“ಟಾರ್ಚು ಎಡಕ್ಕೆ ತಗೊಳ್ಳಿ ಮೇಡಂ. ಇನ್ನೂ ಎಡಕ್ಕೆ. ನಿಮ್ಮ ಎಡ ಅಲ್ಲ, ವ್ಯಾನಿನ ಎಡ.”

ಜಖಂಗೊಂಡ ವ್ಯಾನಿನ ಅಡಿಯಿಂದ ದೊಡ್ಡಕ್ಕನ ಎರಡು ಪಾದಗಳು ಮಾತ್ರ ಹೊರಗೆ ಕಾಣುತ್ತಿದ್ದವು. ಒಂದು ಪಾದದ ಹೆಬ್ಬೆರಳು ಸುಮ್ಮನಿರದೆ ಅಲುಗಾಡುತ್ತಿತ್ತು.

ತನಿಖಾಧಿಕಾರಿ ಮಂಡಿಯೂರಿ ಬೆಳಕನ್ನು ಸರಿಸಿದಳು. ವಿಮೆ ಕಂಪನಿಯಿಂದ ಬಂದ ಈ ಹೆಂಗಸು ಹಾಡಹಗಲೇ ಟಾರ್ಚು ಹಿಡಿದು ಓಡಾಡುವುದನ್ನು ಕಂಡು ಡ್ರೈವರುಗಳು ಮೊದಲ ದಿನವೇ ಅವಳಿಗೆ ‘ಟಾರ್ಚ್ ಮೇಡಂ’ ಎಂದು ಹೆಸರಿಟ್ಟಿದ್ದರು.

ಹನ್ನೊಂದು ದಿನಗಳ ಹಿಂದೆ ಈ ವ್ಯಾನು ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ ಗೋಡೆಗೆ ಗುದ್ದಿತ್ತು. ಓಡಿಸುತ್ತಿದ್ದವನು ಅಲ್ಲೇ ಸತ್ತ. ಅವನು ದೊಡ್ಡಕ್ಕನ ಅಳಿಯ.

ವ್ಯಾನುಗಳ ಕಂಪನಿ ಹೇಳುವುದು ಇಷ್ಟು: ವಾರವಾರವೂ ಜೋರಾಗಿ ನೀರು ಹೊಡೆದು ತೊಳೆದಿದ್ದರಿಂದ ಬ್ರೇಕಿನ ಪೈಪು ಹಾಳಾಗಿದೆ, ತಪ್ಪು ತೊಳೆದ ದೊಡ್ಡಕ್ಕನದ್ದು. ಟಾರ್ಚ್ ಮೇಡಂ ಐದು ಗಂಟೆಯೊಳಗೆ ವರದಿ ಕೊಡಬೇಕು. ವರದಿಯಲ್ಲೂ ಇದೇ ಮಾತಿದ್ದರೆ ಪೊಲೀಸರು ದೊಡ್ಡಕ್ಕನನ್ನು ಕರೆದುಕೊಂಡು ಹೋಗುತ್ತಾರೆ.

ಐದು ಗಂಟೆ ಎಂದು ಗೊತ್ತು ಮಾಡಿದ್ದು ವಿಮೆ ಕಂಪನಿಯ ಅವಳ ಮೇಲಧಿಕಾರಿ. ‘ಇನ್ನು ವಿಳಂಬ ಕೂಡದು’ ಎಂಬ ಪತ್ರ ಬೆಳಿಗ್ಗೆಯೇ ಮೇಜಿನ ಮೇಲೆ ಬಂದು ಕೂತಿತ್ತು, ಕೆಳಗೆ ಅವರ ಹಸಿರು ಶಾಯಿಯ ಸಹಿಯೊಂದಿಗೆ. ಪತ್ರವನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡು ಬಂದಿದ್ದಳು.

ಈಗ ಎರಡೂ ಮುಕ್ಕಾಲು.

“ಸಿಕ್ತಾ?”

“ಇಲ್ಲ.”

“ಏನು ಹುಡುಕ್ತಿದೀರಿ ಅಂತ ಈಗಲಾದ್ರೂ ಹೇಳ್ತೀರಾ?”

ದೊಡ್ಡಕ್ಕ ಬೆನ್ನಿನ ಮೇಲೇ ತೆವಳುತ್ತ ಹೊರಗೆ ಬಂದಳು. ಹಣೆಯ ತುಂಬ ತುಕ್ಕಿನ ಚೂರು. ಒರೆಸಿಕೊಳ್ಳಲಿಲ್ಲ. ಅಂಗೈಯಲ್ಲಿದ್ದ ಒಂದು ಚಕ್ಕೆಯನ್ನು ಟಾರ್ಚ್ ಮೇಡಂ ಕೈಗೆ ಹಾಕಿದಳು. ಮುಟ್ಟಿದ ಕೂಡಲೇ ಅದು ಒಣಗಿದ ಎಲೆಯ ಹಾಗೆ ಪುಡಿಯಾಯಿತು.

“ನೋಡಿ. ಇದು ನೀರು ಹೊಡೆದು ಬಂದ ತುಕ್ಕಲ್ಲ. ಕೆಸರು ಕೂತು ಕೂತು ಬಂದಿದ್ದು. ಕೆಸರು ಅಂದ್ರೆ ಒದ್ದೆ ಬಟ್ಟೆ ಸುತ್ತಿಟ್ಟ ಹಾಗೆ ಮೇಡಂ. ತೊಳೆದ ಗಾಡಿ ಮಧ್ಯಾಹ್ನಕ್ಕೆಲ್ಲ ಒಣಗುತ್ತೆ. ತೊಳೆಯದೇ ಇದ್ದದ್ದು ವರ್ಷವೆಲ್ಲ ಒದ್ದೆ. ಹದಿನೇಳನ್ನ ಎಂಟು ವರ್ಷದಿಂದ ಗುರುವಾರ ಗುರುವಾರ ತೊಳೆದಿದೀನಿ. ನನ್ನ ಮಗಳಿಗೂ ಅಷ್ಟು ಸ್ನಾನ ಮಾಡಿಸಿಲ್ಲ.”

“ಇದು ಹದಿನೇಳೇ ಅಲ್ವಾ? ನಂಬರ್ ಪ್ಲೇಟ್ ಹಾಗೇ ಹೇಳ್ತಿದೆ.”

“ಪ್ಲೇಟು ಹೇಳುತ್ತೆ. ನನ್ನ ಗುರುತು ಹೇಳ್ತಿಲ್ಲ.”

ದೊಡ್ಡಕ್ಕ ಸೆರಗಿಗೆ ಕೈ ಒರೆಸಿಕೊಂಡಳು. ಹೇಳುವುದೋ ಬೇಡವೋ ಎಂದು ಒಂದು ಗಳಿಗೆ ತಡೆದಳು.

“ಅಡಿಯಲ್ಲಿ ಮಲಗಿದ್ರೆ ಪ್ಲೇಟು ಕಾಣಲ್ಲ. ಒಂದೇ ಥರದ ನಲವತ್ತು ಗಾಡಿ. ಯಾವುದು ಮುಗೀತು, ಯಾವುದು ಬಾಕಿ ಅಂತ ತಲೆ ಕೆಡ್ತಿತ್ತು. ಅದಕ್ಕೆ ಹಿಂದಿನ ಎಡಗಡೆ ಚಕ್ರದ ಒಳಗೆ, ಮೇಲ್ಗಡೆ, ಸಣ್ಣದಾಗಿ ನಂಬರ್ ಬರೆದಿಟ್ಟೆ. ನೇಲ್ ಪಾಲಿಷಲ್ಲಿ.”

“ನೇಲ್ ಪಾಲಿಷ್?”

“ಮೂರು ವರ್ಷದ ಹಿಂದೆ, ಮಗಳ ಮದುವೇದು. ಕೆಂಪು ಬಣ್ಣ ಹಿಡಿಸ್ಲಿಲ್ಲ ಅಂತ ಒಂದು ಸಲ ಹಚ್ಚಿ ಬಿಟ್ಟಿದ್ಲು. ವೇಸ್ಟ್ ಮಾಡೋದೇಕೆ ಅಂತ.” ಅವಳಿಗೆ ತುಸು ನಾಚಿಕೆಯಾಯಿತು. “ಒಳ್ಳೇ ಮಾಲು. ಎಷ್ಟು ನೀರು ಹೊಡೆದ್ರೂ ಹೋಗಿಲ್ಲ.”

“ಇದು ಯಾರಿಗೆಲ್ಲ ಗೊತ್ತು?”

“ಅಡಿಗೆ ಯಾರು ಬರ್ತಾರೆ ಮೇಡಂ? ನಾನು, ಯಾರ್ಡಿನ ನಾಯಿ.”

ಟಾರ್ಚ್ ಮೇಡಂ ಎದ್ದು ನಿಂತಳು. ಬೆಳಿಗ್ಗೆಯಿಂದ ಎಲ್ಲಿ ಇಡಬೇಕೆಂದು ತಿಳಿಯದೆ ಉಳಿದಿದ್ದ ಒಂದು ಸಂಗತಿ ಈಗ ತನ್ನ ಜಾಗಕ್ಕೆ ಬಂದು ಕೂತಿತು. ಎಂಜಿನ್ನಿನ ಪಕ್ಕ ಷಾಸಿ ನಂಬರಿನ ಸಣ್ಣ ತಗಡಿತ್ತು. ನಂಬರು ಹದಿನೇಳರದ್ದೇ, ದಾಖಲೆಗೆ ಸರಿಹೊಂದುತ್ತಿತ್ತು. ಆದರೆ ತಗಡನ್ನು ಹಿಡಿದಿದ್ದ ಎರಡು ರಿವೆಟ್ಟುಗಳು ಫಳಫಳ ಹೊಳೆಯುತ್ತಿದ್ದವು. ಸುತ್ತಲಿನ ಮಿಕ್ಕ ಲೋಹವೆಲ್ಲ ಕಪ್ಪಾಗಿತ್ತು.

“ನೀವು ತೊಳೆಯದ ವ್ಯಾನು ಇದಾವಾ?”

“ಆರು. ನಾಲ್ಕು ವರ್ಷದ ಹಿಂದೆ ನಮ್ಮ ಮ್ಯಾನೇಜರು, ಇಸ್ತ್ರಿ ಸಾಹೇಬ್ರು, ಪಟ್ಟಿಯಿಂದ ತೆಗೆದ್ರು. ಹೇಗೂ ಹಳೇವು, ತೊಳೆದು ಏನಾಗಬೇಕು ಅಂದ್ರು. ತೊಳೆಯದೇ ಬಿಟ್ರೆ ಇನ್ನೂ ಹಳೇವಾಗ್ತವೆ ಅಂದೆ. ಯಾರು ಕೇಳ್ತಾರೆ? ಐದು ಗುಜರಿಗೆ ಹೋದ್ವು. ಉಳಿದಿದ್ದು ಮೂವತ್ತೊಂದು ಮಾತ್ರ, ಅದಕ್ಕೆ ನಾನು ಗುರುತು ಹಾಕಿಲ್ಲ. ಡ್ರೈವರ್‌ಗಳು ಅದಕ್ಕೆ ಕೆಮ್ಮಣ್ಣ ಅಂತಾರೆ. ಸ್ಟಾರ್ಟ್ ಮಾಡಿದ್ರೆ ಕೆಮ್ಮುತ್ತೆ, ಮೈಯೆಲ್ಲ ಕೆಂಪು ತುಕ್ಕು. ಒಬ್ಬನೂ ಅದನ್ನ ಮುಟ್ತಿರ್ಲಿಲ್ಲ.”

“ಹದಿನೇಳೂ ಮೂವತ್ತೊಂದೂ ಒಂದೇ ವರ್ಷದ್ದಾ?”

“ಒಂದೇ ದಿನ ಬಂದಿದ್ದು. ಅವಳಿ ಮಕ್ಕಳ ಹಾಗೆ.”

ಹೇಳಿದ ಮೇಲೆ ದೊಡ್ಡಕ್ಕನಿಗೆ ತನ್ನ ಮಾತು ತನಗೇ ಕೇಳಿಸಿತು. ಅಲುಗಾಡುತ್ತಿದ್ದ ಕಾಲ್ಬೆರಳು ನಿಂತಿತು.

“ಅಯ್ಯೋ,” ಎಂದಳು.

ಅವಳು ವ್ಯಾನಿನ ಮೆಟ್ಟಿಲ ಮೇಲೆ ಕುಸಿದು ಕೂತಳು. ತೊಳೆಯುವ ಕಡೆಯ ನಲ್ಲಿಯೊಂದು ತೊಟ್ಟಿಕ್ಕುತ್ತಿತ್ತು. ಹನ್ನೊಂದು ದಿನಗಳಿಂದ ಅಲ್ಲಿ ಯಾರೂ ಏನನ್ನೂ ತೊಳೆದಿರಲಿಲ್ಲ.

“ನಾನು ನಿಮಗೊಂದು ಹೇಳಿಲ್ಲ ಮೇಡಂ. ಅವತ್ತು ಬೆಳಿಗ್ಗೆ ಅಳಿಯ ನನಗೆ ಫೋನ್ ಮಾಡಿದ್ದ. ಹದಿನೈದು ದಿನ ರಜೆ ಮುಗಿಸಿ ಅವತ್ತೇ ಕೆಲಸಕ್ಕೆ ಬಂದಿದ್ದ. ಅವನ ಗಾಡಿ ಬೇರೆ. ಅದೊಂದು ದಿನಕ್ಕೆ ಹದಿನೇಳು ಕೊಟ್ಟಿದ್ರು.”

“ಏನಂದ್ರು?”

“ಅತ್ತೆ, ಹದಿನೇಳನ್ನ ನಿಜವಾಗ್ಲೂ ತೊಳೆದ್ರಾ, ಇಲ್ಲಾ ಬರೀ ನೀರು ತೋರಿಸಿ ಕಳಿಸಿದ್ರಾ ಅಂದ. ಒಳಗೆಲ್ಲ ವಾಸನೆ, ಸೀಟಿನಡಿ ಧೂಳು ಗುಡ್ಡೆ ಬಿದ್ದಿದೆ ಅಂದ. ಯಾವಾಗ್ಲೂ ನನ್ನನ್ನ ರೇಗಿಸ್ತಿದ್ದ. ಇದೂ ಹಾಗೇ ಅಂದ್ಕೊಂಡೆ. ನನಗೆ ಸಿಟ್ಟು ಬಂತು. ಹಿಂದಿನ ದಿನವೇ ಕೈಯಾರೆ ತೊಳೆದಿದೀನಲ್ಲ! ಮೊದಲು ನಿನ್ನ ಮೂಗು ತೊಳ್ಕೊ, ಆಮೇಲೆ ನನ್ನ ಕೆಲಸದ ಮಾತಾಡು ಅಂತ ಫೋನ್ ಇಟ್ಟುಬಿಟ್ಟೆ.”

ಟಾರ್ಚ್ ಮೇಡಂ ಟಾರ್ಚು ಆರಿಸಿದಳು.

“ಅವನು ಇನ್ನೂ ಏನೋ ಹೇಳ್ತಿದ್ದ. ಅಷ್ಟರಲ್ಲಿ ಇಟ್ಟೆ.” ದೊಡ್ಡಕ್ಕ ಯಾರ್ಡಿನ ಆ ತುದಿಗೆ ನೋಡಿದಳು. “ಮಗಳಿಗೆ ಇದು ಗೊತ್ತಾಗಿದೆ ಅನ್ಸುತ್ತೆ. ಅವನ ಫೋನಲ್ಲಿ ಕೊನೇ ನಂಬರ್ ನನ್ನದೇ ಅಲ್ವಾ? ಹನ್ನೊಂದು ದಿನ ಆಯ್ತು, ನನ್ನ ಹತ್ರ ಒಂದು ಮಾತಾಡಿಲ್ಲ. ಒಂದೇ ಕೋಣೆಯಲ್ಲಿ ಮಲಗ್ತೀವಿ. ಗೋಡೆ ಕಡೆ ತಿರುಗಿಕೊಳ್ತಾಳೆ. ಜೈಲಿಗೆ ಹಾಕಿದ್ರೆ ಹಾಕಲಿ ಮೇಡಂ. ಅವಳು ಈ ಕಡೆ ತಿರುಗಿದ್ರೆ ಸಾಕು.”

ಗೇಟಿನ ಪಕ್ಕ ಕೀ ಕೌಂಟರಿನ ಗಾಜಿನ ಹಿಂದೆ ಮಗಳು ಕೂತಿದ್ದಳು. ಎಲ್ಲ ವ್ಯಾನುಗಳ ಬೀಗದ ಕೈ ಮಧ್ಯಾಹ್ನದ ಪಾಳಿಯಲ್ಲಿ ಅವಳ ವಶದಲ್ಲಿರುತ್ತವೆ. ಒಂಬತ್ತನೆಯ ದಿನವೇ ಕೆಲಸಕ್ಕೆ ಬಂದಿದ್ದಳು. ಅವಳ ಮುಖದಲ್ಲಿ ದುಃಖವಾಗಲಿ ಸಿಟ್ಟಾಗಲಿ ಕಾಣುತ್ತಿರಲಿಲ್ಲ. ಬೀಗ ಹಾಕಿದ ಮನೆಯ ಹಾಗಿತ್ತು ಮುಖ.

“ಮೂವತ್ತೊಂದರ ಕೀ ಕೊಡಿ,” ಎಂದಳು ಟಾರ್ಚ್ ಮೇಡಂ.

ಮಗಳು ಅವಳನ್ನು ನೋಡಿದಳು. ಕೀಯನ್ನು ಗಾಜಿನ ಕಿಂಡಿಯಿಂದ ಕೊಡುವ ಬದಲು ತಾನೇ ತೆಗೆದುಕೊಂಡು ಹೊರಗೆ ಬಂದಳು. ತಾಯಿಯಿಂದ ನಾಲ್ಕು ಹೆಜ್ಜೆ ಹಿಂದೆ ನಡೆದಳು.

ಮೂವತ್ತೊಂದು ಯಾರ್ಡಿನ ಹಿಂಬದಿಯ ತಗಡಿನ ಶೆಡ್ಡಿನಲ್ಲಿ ನಿಂತಿತ್ತು. ಗಾಳಿಗೆ ತಗಡು ಪಟಪಟ ಹೊಡೆದುಕೊಳ್ಳುತ್ತಿತ್ತು. ದೊಡ್ಡಕ್ಕ ದಾರಿಯಲ್ಲೇ ಬಕೆಟ್ಟೊಂದನ್ನು ತುಂಬಿ, ಸೋಪಿನ ನೀರು ಕಲಸಿಕೊಂಡು ಬಂದಿದ್ದಳು.

“ಬಕೆಟ್ ಯಾಕೆ?”

“ಬರಿಗೈಯಲ್ಲಿ ನನಗೆ ಗಾಡಿ ಹತ್ತೋಕೆ ಬರಲ್ಲ ಮೇಡಂ.”

ಟಾರ್ಚ್ ಮೇಡಂ ನೆಲಕ್ಕೆ ಮಲಗುವಷ್ಟರಲ್ಲಿ ಹಿಂದಿನಿಂದ ದನಿ ಕೇಳಿಸಿತು.

“ಮೇಡಂ, ನೀವು ವಿಮೆಯವರೋ, ಗ್ಯಾರೇಜಿನವರೋ? ಬಟ್ಟೆಯೆಲ್ಲ ಹಾಳು ಮಾಡ್ಕೋತಿದೀರಲ್ಲ.”

ಮ್ಯಾನೇಜರು. ಬಿಳಿ ಅಂಗಿಯ ತೋಳಿನ ಮಡಿಕೆ ಬ್ಲೇಡಿನಂತೆ ನಿಂತಿತ್ತು. ಇಸ್ತ್ರಿ ಸಾಹೇಬ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ.

“ಅಪಘಾತ ಆಗಿದ್ದು ಹದಿನೇಳಕ್ಕೆ. ನೀವು ಮೂವತ್ತೊಂದರ ಹತ್ರ ಏನು ಮಾಡ್ತಿದೀರಿ?”

“ಹದಿನೇಳನ್ನೇ ನೋಡೋಕೆ ಬಂದೆ,” ಎಂದು ಅವಳು ಚಕ್ರದ ಅಡಿಗೆ ತೂರಿದಳು.

ಟಾರ್ಚಿನ ಬೆಳಕು ಮೇಲಕ್ಕೆ ಹೋಯಿತು. ತುಕ್ಕಿಲ್ಲ. ಮೂಲೆಗಳಲ್ಲಿ ಕೂತ ಕೆಸರಿಲ್ಲ. ಬ್ರೇಕಿನ ಪೈಪು ನಿನ್ನೆ ಮೊನ್ನೆ ಅಂಗಡಿಯಿಂದ ತಂದ ಹಾಗೆ ನಯವಾಗಿತ್ತು. ಎಂಟು ವರ್ಷ ಓಡಿದ ವ್ಯಾನಿನ ಹೊಟ್ಟೆ ಎಂದರೆ ಯಾರೂ ನಂಬುವಂತಿರಲಿಲ್ಲ. ಎಡಗಡೆ ಚಕ್ರದ ಒಳಗೆ, ಮೇಲ್ಗಡೆ, ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ ಕೆಂಪು ಅಂಕಿ ಹೊಳೆಯಿತು.

೧೭.

ಏಳರ ಬಾಲ ಸ್ವಲ್ಪ ಸೊಟ್ಟಗಿತ್ತು. ಮಲಗಿಕೊಂಡು ಬರೆದದ್ದು.

ಅವಳು ಎರಡು ಫೋಟೋ ತೆಗೆದು ಹೊರಗೆ ಬಂದಳು. ಮ್ಯಾನೇಜರು ಫೋನಿನ ಪರದೆಯನ್ನು ನೋಡಿ ನಕ್ಕರು.

“ನೇಲ್ ಪಾಲಿಷ್ಷಾ? ಇದನ್ನ ವರದಿಯಲ್ಲಿ ಬರೀತೀರಾ? ನಾಲ್ಕು ಜನ ನಗಲ್ವಾ? ಕೆಲಸ ನಿಲ್ಲಿಸಿದ ಮೇಲೂ ಈ ಹೆಂಗಸು ಯಾರ್ಡಿನಲ್ಲೇ ಸುತ್ತಾಡ್ತಿದಾಳೆ. ನಿನ್ನೆ ಬಂದು ಬರೆದಿರಬಹುದು.”

“ನಂಬರನ್ನ ನಿನ್ನೆ ಬರೀಬಹುದು. ಎಂಟು ವರ್ಷದ ಚೊಕ್ಕಟವನ್ನ ನಿನ್ನೆ ತರೋಕಾಗುತ್ತಾ?”

“ಏನಂದ್ರಿ?”

“ನೀವೇ ಮಲಗಿ ನೋಡಿ. ನಾಲ್ಕು ವರ್ಷ ತೊಳೆಸದೇ ಇದ್ದ ಮೂವತ್ತೊಂದರ ಅಡಿ ಹೀಗಿರುತ್ತಾ? ವಾರವಾರ ತೊಳೆದ ಹದಿನೇಳರ ಅಡಿ ಆ ಮುರಿದ ಗಾಡಿಯ ಹಾಗಿರುತ್ತಾ? ಪ್ಲೇಟು ಅದಲು ಬದಲಾಗಿದೆ. ಷಾಸಿ ತಗಡೂ ಅಷ್ಟೇ. ಹೊಸ ರಿವೆಟ್ಟಿಗೆ ಸ್ವಲ್ಪ ಕೊಳೆ ಹಚ್ಚಬೇಕಿತ್ತು.”

ಮ್ಯಾನೇಜರು ಮಲಗಿ ನೋಡಲಿಲ್ಲ. ಎರಡೂ ಕೈಗಳನ್ನು ಮುಂದೆ ಚಾಚಿದರು.

“ಸರಿ, ಬದಲಾಗಿದೆ ಅಂತಲೇ ಇಟ್ಕೊಳ್ಳೋಣ. ಮಾಡಿದ್ದು ನಾನಾ? ಇದು ಸ್ಪ್ಯಾನರ್ ಹಿಡಿಯೋ ಕೈಯಾ?”

“ಹೇಳಿ ಮಾಡಿಸೋ ಕೈ ಯಾವಾಗ್ಲೂ ಚೊಕ್ಕಟವಾಗೇ ಇರುತ್ತೆ.”

ಅವರ ನಗು ಅಲ್ಲೇ ನಿಂತಿತು.

“ಮಾತು ಚೆನ್ನಾಗಿದೆ. ಯಾರು ಹೇಳಿದ್ರು, ಯಾರು ಮಾಡಿದ್ರು, ಒಂದು ಕಾಗದ ತೋರಿಸಿ. ಇಲ್ದಿದ್ರೆ ಐದಕ್ಕೆ ಪೊಲೀಸ್ ಬರ್ತಾರೆ, ದೊಡ್ಡಕ್ಕ ಹೊರಡಲಿ. ನಿಮ್ಮ ಸಾಹೇಬರ ಹತ್ರ ನಾನೇ ಮಾತಾಡ್ತೀನಿ.”

ಅವರು ಫೋನು ತೆಗೆದು ಶೆಡ್ಡಿನ ಹೊರಗೆ ನಡೆದರು. ನಂಬರು ಹುಡುಕಲಿಲ್ಲ. ಹೆಬ್ಬೆರಳು ಒಮ್ಮೆ ಒತ್ತಿತು, ಫೋನು ಕಿವಿಗೆ ಹೋಯಿತು. ಟಾರ್ಚ್ ಮೇಡಂ ಅದನ್ನು ಗಮನಿಸಿದಳು. ತನ್ನ ಮೇಲಧಿಕಾರಿಗೆ ಫೋನು ಮಾಡಲು ತನಗೇ ಮೂರು ಸಲ ಯೋಚಿಸಬೇಕಾಗುತ್ತದೆ.

ಮಗಳು ವ್ಯಾನಿನ ಬಾಗಿಲು ತೆರೆದು ಪಕ್ಕಕ್ಕೆ ಸರಿದಳು.

ದೊಡ್ಡಕ್ಕ ಒಳಗೆ ಬಾಗಿದಳು. ಯಾರೂ ಹೇಳಬೇಕಾಗಲಿಲ್ಲ. ಎಡಗೈ ಡ್ರೈವರ್ ಸೀಟನ್ನು ಹಿಂದಕ್ಕೆ ತಳ್ಳಿತು, ಬಲಗೈ ಸೀಟಿನ ಕಂಬಿಯ ಸಂದಿಗೆ ಇಳಿಯಿತು. ಪೆನ್ನಿನ ಮುಚ್ಚಳ, ಬಾಚಣಿಗೆಯ ತುಂಡು, ಬಸ್ಸಿನ ಟಿಕೇಟು, ಹೀಗೆ ಡ್ರೈವರುಗಳು ಕಳೆದುಕೊಂಡದ್ದೆಲ್ಲ ಆ ಕೈಗೆ ಅಲ್ಲಿ ಸಿಕ್ಕಿದೆ. ಎಂಟು ವರ್ಷದ ರೂಢಿ.

“ಏನೋ ಇದೆ.”

ಒಂದು ಸಣ್ಣ ಪೊಟ್ಟಣ ಹೊರಗೆ ಬಂತು. ಬಿಚ್ಚಿದರೆ ಒಳಗೆ ನಾಲ್ಕು ಹಳೆಯ ಸ್ಕ್ರೂಗಳು. ನಂಬರ್ ಪ್ಲೇಟಿನವು. ಬಿಚ್ಚಿದವನು ಕೈಗೆ ಸಿಕ್ಕ ಚೀಟಿಯಲ್ಲಿ ಸುತ್ತಿ ಸಂದಿಗೆ ತುರುಕಿ ಮರೆತಿದ್ದ. ದೊಡ್ಡಕ್ಕನ ಕೆಲಸ ನಿಲ್ಲಿಸದೇ ಇದ್ದಿದ್ದರೆ ಮೊದಲ ಗುರುವಾರವೇ ಇದು ಅವಳ ಕೈಗೆ ಸಿಕ್ಕಿರುತ್ತಿತ್ತು.

ಟಾರ್ಚ್ ಮೇಡಂ ಅವಳ ಅಂಗೈಯ ಮೇಲೆಯೇ ಚೀಟಿಯನ್ನು ಓದಿದಳು. ನೀಲಿ ಬಾಲ್‌ಪೆನ್ನು, ದುಂಡನೆಯ ಅಕ್ಷರ.

‘ಹದಿನೇಳು, ಮೂವತ್ತೊಂದರ ಪ್ಲೇಟು ಮತ್ತು ತಗಡು ಅದಲು ಬದಲು. ಬೆಳಿಗ್ಗೆ ಆರರೊಳಗೆ.’

ಚೀಟಿಯ ಕೆಳತುದಿ ಇನ್ನೂ ಮಡಿಚಿಕೊಂಡಿತ್ತು. ಟಾರ್ಚ್ ಮೇಡಂ ಫೋಟೋ ತೆಗೆಯಲು ಫೋನಿಗೆ ಕೈ ಹಾಕಿದಳು.

“ಅದು ನನ್ನ ಅಕ್ಷರ,” ಎಂದಳು ಮಗಳು.

ಹನ್ನೊಂದು ದಿನಗಳಲ್ಲಿ ತಾಯಿಗೆ ಕೇಳಿಸಿದ ಮೊದಲ ಮಾತು.

ದೊಡ್ಡಕ್ಕ ತಿರುಗಿ ಮಗಳನ್ನು ನೋಡಿದಳು. ಆಮೇಲೆ ಚೀಟಿಯನ್ನು. ಆಮೇಲೆ ಶೆಡ್ಡಿನ ಹೊರಗಿದ್ದ ಬಿಳಿ ಅಂಗಿಯನ್ನು. ಅವಳ ಮುಷ್ಟಿ ಮುಚ್ಚಿಕೊಂಡಿತು. ಸ್ಕ್ರೂಗಳು ನೆಲಕ್ಕೆ ಉದುರಿದವು. ಟಾರ್ಚ್ ಮೇಡಂ ಕೈ ಚಾಚುವುದರೊಳಗೆ ಆ ಮುಷ್ಟಿ ಮೊಣಕೈಯವರೆಗೆ ಬಕೆಟ್ಟಿನಲ್ಲಿ ಮುಳುಗಿತ್ತು.

“ದೊಡ್ಡಕ್ಕ!”

“ಏನೂ ಇರ್ಲಿಲ್ಲ ಮೇಡಂ. ಕಸ.” ಅವಳು ನೀರಿನೊಳಗೇ ಚೀಟಿಯನ್ನು ಉಜ್ಜುತ್ತಿದ್ದಳು. “ಗಾಡಿ ತೊಳೆದಿದ್ದು ನಾನು. ಪೈಪು ಹಾಳಾಗಿದ್ದು ನನ್ನ ನೀರಿಂದ. ಬರ್ಕೊಳ್ಳಿ. ಎಲ್ಲಿ ಸಹಿ ಹಾಕ್ಬೇಕು ಹೇಳಿ, ಹಾಕ್ತೀನಿ.”

“ಅಮ್ಮಾ, ಬಿಡು!”

“ನೀನು ಸುಮ್ಮನಿರು. ನೀನೇನೂ ಬರೆದಿಲ್ಲ.”

“ಬರೆದಿದೀನಿ! ಕೌಂಟರಿಗೆ ಬಂದು ಯಾರು ಏನು ಹೇಳಿದ್ರೂ ಬರೀತೀನಿ, ಅದೇ ನನ್ನ ಕೆಲಸ. ಬರೆದು ಹೇಳಿದವರ ಸಹಿ ತಗೋತೀನಿ. ಕೆಳಗೆ ಸಹಿ ಇತ್ತಮ್ಮಾ! ಮಡಿಕೆಯೊಳಗೆ!”

ದೊಡ್ಡಕ್ಕನ ಕೈ ನಿಂತಿತು.

ಮಗಳು ಮಂಡಿಯೂರಿ ಬಕೆಟ್ಟಿಗೆ ಎರಡೂ ಕೈ ಹಾಕಿದಳು. ತಾಯಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಚೀಟಿಯನ್ನು ಮೇಲಕ್ಕೆ ತಂದಳು. ನೊರೆ ಇಳಿಯಿತು. ಬಾಲ್‌ಪೆನ್ನಿನ ದುಂಡನೆಯ ಅಕ್ಷರಗಳು ಹಾಗೇ ಇದ್ದವು. ಅವುಗಳ ಕೆಳಗೆ ಸಹಿಯಿರಬೇಕಾದ ಜಾಗದಲ್ಲಿ ಒಂದು ಕಲೆ ಮಾತ್ರ ಉಳಿದಿತ್ತು. ಇಂಕ್ ಪೆನ್ನಿನ ಶಾಯಿ. ಅದು ನೋಡನೋಡುತ್ತ ಹರಡಿ ಮಗಳ ಅಂಗೈಗೆ ಇಳಿಯಿತು.

“ನಾಳೆ ಬೆಳಿಗ್ಗೆ ವಿಮೆಗೆ ಗಾಡಿಗಳ ಪರೀಕ್ಷೆ ಇದೆ, ಮೂವತ್ತೊಂದು ಪಾಸಾಗಲ್ಲ, ಒಂದು ಗಂಟೆ ಹೊತ್ತಿನ ಮಾತು, ಆಮೇಲೆ ಮೊದಲಿನ ಹಾಗೇ ಮಾಡ್ತೀವಿ ಅಂದ್ರು,” ಎಂದಳು ಮಗಳು. ದನಿ ಏರಲಿಲ್ಲ. ಲೆಕ್ಕ ಒಪ್ಪಿಸುವವಳ ಹಾಗೆ ಹೇಳುತ್ತಿದ್ದಳು. “ನನ್ನ ಪಾಳಿ ಮುಗಿಯೋ ಹೊತ್ತು. ಬರೆದೆ. ಬೆಳಿಗ್ಗೆ ಆ ಗಾಡಿಯನ್ನ ಇವರಿಗೆ ಕೊಡ್ತಾರೆ ಅಂತ ನನಗೆ ಗೊತ್ತಿರ್ಲಿಲ್ಲ. ನಿನ್ನ ಮೇಲೆ ಸಿಟ್ಟಿರ್ಲಿಲ್ಲಮ್ಮಾ. ನಿನ್ನ ಮುಖ ನೋಡಿದ್ರೆ ಹೇಳಿಬಿಡಬೇಕಾಗುತ್ತೆ ಅಂತ ಗೋಡೆ ನೋಡ್ತಿದ್ದೆ.”

ದೊಡ್ಡಕ್ಕ ಬಕೆಟ್ಟನ್ನು ದೂರ ತಳ್ಳಿದಳು.

“ಯಾರು ಹೇಳಿದ್ದು? ಇಸ್ತ್ರಿ ಸಾಹೇಬರಾ?” ಎಂದು ಕೇಳಿದಳು ಟಾರ್ಚ್ ಮೇಡಂ. ಕೇಳುವಾಗ ಅವಳ ಕಣ್ಣು ಮಗಳ ಅಂಗೈಯ ಮೇಲಿತ್ತು.

“ಅವರು ಪಕ್ಕದಲ್ಲಿ ನಿಂತಿದ್ರು. ಹೇಳಿದ್ದು, ಸಹಿ ಹಾಕಿದ್ದು ಅವರ ಜೊತೆ ಬಂದಿದ್ದವರು. ವಯಸ್ಸಾದವರು. ಹೊರಗಿನವರು. ಹೆಸರು ಗೊತ್ತಿಲ್ಲ. ಆದ್ರೆ ಆ ಸಹಿಯನ್ನ ಇನ್ನೊಂದು ಸಲ ನೋಡಿದ್ರೆ ಗುರುತು ಹಿಡೀತೀನಿ.”

ಅಂಗೈಯ ಗೆರೆಗಳಲ್ಲಿ ಹರಿಯುತ್ತಿದ್ದ ಶಾಯಿ ಹಸಿರು.

ಹೊರಗೆ ಮ್ಯಾನೇಜರು ಫೋನಿನಲ್ಲಿ ಯಾವುದೋ ಮಾತಿಗೆ ಜೋರಾಗಿ ನಕ್ಕರು. ಹಳೆಯ ಗೆಳೆಯರ ಜೊತೆ ನಗುವ ನಗು.

ಮೂರೂ ಇಪ್ಪತ್ತು. ಟಾರ್ಚ್ ಮೇಡಂ ಚೀಲದ ಜಿಪ್ಪಿನ ಮೇಲೆ ಕೈಯಿಟ್ಟಳು, ತೆಗೆದಳು, ಮತ್ತೆ ಇಟ್ಟಳು. ಕೊನೆಗೆ ಬೆಳಗಿನ ಪತ್ರವನ್ನು ಹೊರಗೆ ತೆಗೆದು, ಕೆಳಗಿನ ಮಡಿಕೆಯೊಂದನ್ನೇ ಬಿಚ್ಚಿ, ವ್ಯಾನಿನ ಸೀಟಿನ ಮೇಲೆ ಇಟ್ಟಳು.

ಮಗಳು ಎದ್ದು ಬಂದು ಬಾಗಿ ನೋಡಿದಳು. ತುಂಬ ಹೊತ್ತು ನೋಡಿದಳು. ಆಮೇಲೆ ಅವಳ ಬೆರಳು ನಿಧಾನವಾಗಿ ಆ ಹಸಿರು ಸಹಿಯ ಕಡೆಗೆ ಹೊರಟಿತು. ಬೆರಳ ತುದಿಯಲ್ಲಿ ಇನ್ನೂ ನೊರೆಯಿತ್ತು.

ದೊಡ್ಡಕ್ಕ ಅವಳ ಮಣಿಕಟ್ಟನ್ನು ಗಬಕ್ಕನೆ ಹಿಡಿದಳು.

“ಕೈ ಒರೆಸ್ಕೊ ಮಗಳೇ,” ಎಂದಳು. “ಇದೊಂದು ಒದ್ದೆ ಆಗೋದು ಬೇಡ.”